ಫಲಿತಾಂಶದ ಛೇದದಿಂದ ಕಾಣೆಯಾದ ಮಕ್ಕಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲಾವಾರು ಪಟ್ಟಿ ಅಚ್ಚಾಗುವುದು ಓದುಗರಿಗೆ ಪರಿಚಿತ. ಮೇಲ್ತುದಿಯಲ್ಲಿ ದಕ್ಷಿಣ ಕನ್ನಡ ಅಥವಾ ಉಡುಪಿ, ಕೆಳತುದಿಯಲ್ಲಿ ಕಲಬುರಗಿ ಅಥವಾ ಯಾದಗಿರಿ. ಅದಾದ ಒಂದೆರಡು ವಾರಗಳಲ್ಲಿ, ಪತ್ರಿಕೆಗಳಿಗೆ ಬಾರದ ಇನ್ನೊಂದು ಬಗೆಯ ಕಾಗದ ಕಚೇರಿಗಳಿಂದ ಹೊರಡುತ್ತದೆ. ಅದು ಕಡಿಮೆ ಫಲಿತಾಂಶ ಬಂದ ಶಾಲೆಗಳ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೀಡುವ ನೋಟಿಸು. ‘ತಮ್ಮ ಶಾಲೆಯ ಫಲಿತಾಂಶವು ಸರಾಸರಿಗಿಂತ ಕಡಿಮೆ ಇರುವುದು ಕಂಡುಬಂದಿದ್ದು, ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು’ ಎಂಬ ಧಾಟಿಯ ಅಂಥದೊಂದು ನೋಟಿಸನ್ನು 2025ರ ಮೇ ತಿಂಗಳಲ್ಲಿ ನಾನು ಓದಿದೆ. ಅದರ ಒಕ್ಕಣೆ ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಒಕ್ಕಣೆಯ ಕಾಗದಗಳಿಗೆ ನಾನೇ ಸಹಿ ಹಾಕುತ್ತಿದ್ದೆ.

ಆ ನೋಟಿಸು ಬಂದದ್ದು ಬೆಂಗಳೂರಿನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಸರ್ಕಾರಿ ಪ್ರೌಢಶಾಲೆಗೆ. ದೊಡ್ಡ ಶಾಲೆ, ಎಂಟರಿಂದ ಹತ್ತನೇ ತರಗತಿವರೆಗೆ ಎಂಟುನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ. ನಿವೃತ್ತಿಯ ನಂತರ ವಾರದಲ್ಲಿ ಮೂರು ದಿನ ಅಲ್ಲಿಗೆ ಹೋಗಿ ಎಂಟನೇ ತರಗತಿಯ ಹಿಂದುಳಿದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಅರ್ಥಶಾಸ್ತ್ರದ ಎಂ.ಎ. ಪದವಿ ಹದಿಮೂರು ವರ್ಷದ ಮಕ್ಕಳಿಗೆ ಭಿನ್ನರಾಶಿ ಕಲಿಸಲು ಏನೇನೂ ಸಾಲದು ಎಂಬುದು ಮೊದಲ ವಾರದಲ್ಲೇ ಮನವರಿಕೆಯಾಯಿತು. ಇರಲಿ. ಮುಖ್ಯ ಶಿಕ್ಷಕಿ ಆ ನೋಟಿಸನ್ನು ನನ್ನ ಮುಂದಿಟ್ಟು, ‘ಸರ್, ಇದಕ್ಕೆ ಏನೆಂದು ಉತ್ತರ ಬರೆಯಲಿ?’ ಎಂದು ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಮೊದಲಿಗೆ ರಾಜ್ಯದ ಅಂಕಿಅಂಶಗಳನ್ನು ನೋಡೋಣ. ಕೋವಿಡ್‌ಗೆ ಮುಂಚೆ ನಮ್ಮ ಎಸ್‌ಎಸ್‌ಎಲ್‌ಸಿ ಉತ್ತೀರ್ಣರ ಪ್ರಮಾಣ ಶೇ 70ರಿಂದ 75ರ ನಡುವೆ ಇರುತ್ತಿತ್ತು. 2019ರಲ್ಲಿ ಶೇ 73.70, 2020ರಲ್ಲಿ ಶೇ 71.80. ಎರಡೇ ದಿನದ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದ 2021ರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. 2022ರಲ್ಲಿ ಅದು ಶೇ 85.63, 2023ರಲ್ಲಿ ಶೇ 83.89. ನಂತರ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕೊಠಡಿಯ ಒಳಗನ್ನು ಕುಳಿತಲ್ಲೇ ನೋಡತೊಡಗಿದರು. ಆ ವರ್ಷ ಪ್ರಕಟವಾದ ಪ್ರಮಾಣ ಶೇ 73.40. ಆದರೆ ಅದೂ ನಿಜವಾದ ಸಂಖ್ಯೆಯಾಗಿರಲಿಲ್ಲ. ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ್ದರಿಂದ ಲಕ್ಷಕ್ಕೂ ಮಿಕ್ಕಿ ಮಕ್ಕಳು ದಡ ಸೇರಿದ್ದರು. ಆ ಕೃಪೆಯನ್ನು ಕಳೆದರೆ ಉಳಿಯುತ್ತಿದ್ದುದು ಶೇ 54ರ ಆಸುಪಾಸು. ಇದಕ್ಕೆ ಮುಖ್ಯಮಂತ್ರಿಗಳೇ ಅಸಮಾಧಾನ ವ್ಯಕ್ತಪಡಿಸಿದ ಬಳಿಕ 2025ರಲ್ಲಿ ಆ ಕೃಪಾಂಕ ಇರಲಿಲ್ಲ. ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಪಾಸಾದ ಶಾಲಾ ವಿದ್ಯಾರ್ಥಿಗಳು ಶೇ 66ರಷ್ಟು. ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43.

ಕ್ಯಾಮೆರಾ ಬಂದದ್ದರಿಂದ ಫಲಿತಾಂಶ ಕುಸಿಯಿತು ಎಂದು ಹಲವರು ಮರುಗಿದರು. ಕ್ಯಾಮೆರಾ ಯಾವ ಮಗುವಿನ ಕಲಿಕೆಯನ್ನೂ ಕಸಿದುಕೊಳ್ಳಲಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸಿತು, ಅಷ್ಟೇ. ನನ್ನ ಮಟ್ಟಿಗೆ ಕಳೆದ ಹತ್ತಾರು ವರ್ಷಗಳಲ್ಲಿ ಶಿಕ್ಷಣ ಇಲಾಖೆ ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸ ಅದು. ಬೇಸರದ ಸಂಗತಿಯೆಂದರೆ, ಸತ್ಯ ಕಾಣಿಸಿದೊಡನೆ ನಾವು ಕೈಹಾಕಿದ್ದು ಅಳತೆಗೋಲಿಗೆ. ಮೊದಲು ಕೃಪಾಂಕ ಹೆಚ್ಚಿಸಿದೆವು. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಅಂಕವನ್ನೇ ಶೇ 35ರಿಂದ ಶೇ 33ಕ್ಕೆ ಇಳಿಸುವ ನಿರ್ಧಾರ ಹೊರಬಿತ್ತು. 625ಕ್ಕೆ 206 ಅಂಕ ಬಂದರೆ ಸಾಕು. ಎರಡು ಅಂಕದ ಇಳಿಕೆ ಪ್ರಳಯವೇನಲ್ಲ, ಬೇರೆ ಕೆಲವು ಮಂಡಳಿಗಳಲ್ಲೂ 33 ಇದೆ. 2024ರಿಂದ ಜಾರಿಗೆ ಬಂದ ಮೂರು ಪರೀಕ್ಷೆಗಳ ಪದ್ಧತಿಯನ್ನಂತೂ ನಾನು ಮನಸಾರೆ ಸ್ವಾಗತಿಸುತ್ತೇನೆ; ಒಮ್ಮೆ ಎಡವಿದ ಮಗು ವರ್ಷವಿಡೀ ಕಾಯಬೇಕಾಗಿಲ್ಲ. ಆದರೆ ಇವೆಲ್ಲವೂ ಹತ್ತನೇ ತರಗತಿಯ ಬಾಗಿಲಲ್ಲಿ ನಡೆಯುವ ವ್ಯವಹಾರಗಳು. ಕಾಯಿಲೆ ಅಂಟಿದ್ದು ಅದಕ್ಕೂ ಬಹಳ ಮುಂಚೆ.

ಮೇಲಿನ ಸಂಖ್ಯೆಗಳ ಜೊತೆ ಇನ್ನೊಂದನ್ನು ಗಮನಿಸಬೇಕು. 2024ರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಶೇ 74.17ರಷ್ಟು ಪಾಸಾದರೆ ನಗರದವರಲ್ಲಿ ಶೇ 72.83. 2025ರಲ್ಲಿ ನಗರ ಸ್ವಲ್ಪ ಮುಂದೆ ಬಂತು, ಅದೂ ಒಂದೂವರೆ ಅಂಶದಷ್ಟು ಮಾತ್ರ. ನಗರದಲ್ಲಿ ಬಸ್ಸಿದೆ, ವಿದ್ಯುತ್ತಿದೆ, ಗ್ರಂಥಾಲಯವಿದೆ, ಟ್ಯೂಷನ್ ಇದೆ, ಹೆಸರಾಂತ ಖಾಸಗಿ ಶಾಲೆಗಳಿವೆ. ಅಷ್ಟೆಲ್ಲ ಇದ್ದೂ ಹಳ್ಳಿಗೆ ಸರಿಸಮನಾಗಿ ನಿಲ್ಲಲು ನಗರ ಏದುಸಿರು ಬಿಡುತ್ತದೆ ಎಂದಾದರೆ, ನಗರದೊಳಗೆ ಯಾವುದೋ ಒಂದು ಭಾಗ ತೀರಾ ಕೆಳಗಿದೆ ಎಂದೇ ಅರ್ಥ. ಆ ಭಾಗದ ಮಕ್ಕಳು ಓದುವುದು ನಮ್ಮ ದೊಡ್ಡ ಸರ್ಕಾರಿ ಪ್ರೌಢಶಾಲೆಗಳಲ್ಲಿ. ವಿಚಿತ್ರವೆಂದರೆ ಇವರ ಕಲಿಕೆಯ ಬಗ್ಗೆ ನಮಗೆ ತಿಳಿದಿರುವುದು ಅತ್ಯಲ್ಪ. ಮಕ್ಕಳ ಓದು, ಲೆಕ್ಕದ ಮಟ್ಟವನ್ನು 2005ರಿಂದ ಅಳೆಯುತ್ತ ಬಂದಿರುವ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆಯನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. ಅದು ಗ್ರಾಮೀಣ ಭಾರತದ ಸಮೀಕ್ಷೆ. ಮನೆಬಾಗಿಲಿಗೆ ಹೋಗಿ ಮಗುವಿನ ಕೈಗೆ ಪುಟ ಕೊಟ್ಟು ಓದಿಸುವ ಅಂಥ ಅಳತೆ ಬೆಂಗಳೂರಿನ ಕೊಳೆಗೇರಿಯ ಗಲ್ಲಿಗಳಿಗೆ ವರ್ಷವರ್ಷವೂ ಬರುವುದಿಲ್ಲ.

ಹಾಗಾದರೆ ಈ ಶಾಲೆಗಳಿಗೆ ಬರುವವರು ಯಾರು? ನಮ್ಮ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕದಲ್ಲಿ, ಊರಿನ ಸರ್ಕಾರಿ ಹೈಸ್ಕೂಲಿನ ಒಂದೇ ಬೆಂಚಿನಲ್ಲಿ ವಕೀಲರ ಮಗ, ಶ್ಯಾನುಭೋಗರ ಮೊಮ್ಮಗ, ನೇಕಾರರ ಹುಡುಗ ಕೂರುತ್ತಿದ್ದರು. (ಆ ಬೆಂಚಿನವರೆಗೂ ತಲುಪದ ಮಕ್ಕಳ ಸಂಖ್ಯೆ ದೊಡ್ಡದಿತ್ತು, ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ನಮ್ಮ ಪೀಳಿಗೆಯ ಚಾಳಿ.) ಇಂದು ನಗರದ ಮಧ್ಯಮವರ್ಗ ಸರ್ಕಾರಿ ಶಾಲೆಯನ್ನು ಪೂರ್ತಿ ತೊರೆದಿದೆ. ನನ್ನ ಇಬ್ಬರು ಮಕ್ಕಳೂ ಆ ಗೇಟಿನೊಳಗೆ ಕಾಲಿಟ್ಟವರಲ್ಲ. ಮುಖ್ಯ ಶಿಕ್ಷಕರ ಸಭೆಯಲ್ಲಿ ನಾನು ಮೇಜು ಕುಟ್ಟುತ್ತಿದ್ದ ವರ್ಷಗಳಲ್ಲೇ ಅವರು ಖಾಸಗಿ ಶಾಲೆಯ ಬಸ್ಸು ಹತ್ತುತ್ತಿದ್ದರು. ಮಧ್ಯಮವರ್ಗದ ನಂತರ ಹೊರಟವರು ಬಡವರಲ್ಲೇ ಸ್ವಲ್ಪ ಚೇತರಿಸಿಕೊಂಡವರು. ಆಟೊ ಚಾಲಕ, ತರಕಾರಿ ಅಂಗಡಿಯಾಕೆ ಸಾಲ ಮಾಡಿಯಾದರೂ ಬಡಾವಣೆಯ ಕಾನ್ವೆಂಟಿಗೆ ಶುಲ್ಕ ಕಟ್ಟಿದರು. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟುಗಳೂ ಇದಕ್ಕೆ ಕೈಜೋಡಿಸಿದವು; ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ರಾಜ್ಯ ನಿಯಮ ತಿದ್ದಿದ್ದು 2019–20ರ ಪ್ರವೇಶದ ಹೊತ್ತಿಗೆ. ಅಷ್ಟರಲ್ಲಿ ಜರಡಿ ಹಿಡಿದು ಮುಗಿದಿತ್ತು.

ಉಳಿದವರು ಜರಡಿಯಲ್ಲಿ ಕೆಳಗೆ ಬಿದ್ದವರು. ನಾನು ಕಲಿಸುವ ಗುಂಪಿನಲ್ಲಿ ಗಾರೆ ಕೆಲಸದವರ, ಗಾರ್ಮೆಂಟ್ಸ್ ನೌಕರರ, ಮನೆಗೆಲಸದವರ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಮಕ್ಕಳಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಅನೇಕ. ಕೆಲವರ ಮನೆಮಾತು ಉರ್ದು, ಕೆಲವರದು ತೆಲುಗು, ತಮಿಳು, ಇಬ್ಬರದು ನೇಪಾಳಿ. ಒಬ್ಬ ಹುಡುಗ ಎಂಟನೇ ತರಗತಿಗೆ ಬರುವಷ್ಟರಲ್ಲಿ ಐದು ಶಾಲೆ ಬದಲಿಸಿದ್ದ. ಊರಿನಿಂದ ಒಮ್ಮೆ ಬಂದದ್ದು, ಮತ್ತೆ ಊರಿಗೆ ಹೋದದ್ದು, ತಿರುಗಿ ಬಂದದ್ದು, ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದು ಮನೆ ಬದಲಿಸಿದ್ದು, ಕಟ್ಟಡದ ಕೆಲಸ ಮುಗಿದು ಶೆಡ್ಡು ಕಿತ್ತದ್ದು. ಅವನ ದಡ್ಡತನಕ್ಕೆ ಕಾರಣ ಹುಡುಕುವವರು ಮೊದಲು ಆ ಐದು ಸ್ಥಳಾಂತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂದಹಾಗೆ ಅವನು ದಡ್ಡನಲ್ಲ. ಸಿಮೆಂಟು, ಮರಳು, ಜಲ್ಲಿಯ ಪ್ರಮಾಣವನ್ನು ಬಾಯಲ್ಲೇ ಹೇಳುತ್ತಾನೆ. ಅದೇ ಅನುಪಾತವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಗೋಡೆ ನೋಡುತ್ತಾನೆ.

ಮೊದಲ ದಿನ ನಾನು ಮಕ್ಕಳಿಗೆ ಕೇಳಿದ ಪ್ರಶ್ನೆ, ಅರ್ಧ ದೊಡ್ಡದೋ ಮೂರನೇ ಒಂದು ಭಾಗ ದೊಡ್ಡದೋ ಎಂಬುದು. ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಮೂರನೇ ಒಂದು ಭಾಗವೇ ದೊಡ್ಡದೆಂದರು. ಮೂರು ಎರಡಕ್ಕಿಂತ ದೊಡ್ಡದಲ್ಲವೇ! ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಛೇದ ಹಿಗ್ಗಿದಂತೆ ಪಾಲು ಕುಗ್ಗುತ್ತದೆ ಎಂಬುದನ್ನು ಐದನೇ ತರಗತಿಯಲ್ಲಿ ತಿಳಿದಿರಬೇಕಿತ್ತು. ಇದೇ ಮಕ್ಕಳ ಎಂಟನೇ ತರಗತಿಯ ಪುಸ್ತಕದಲ್ಲಿ ಬೀಜೋಕ್ತಿಗಳ ಅಪವರ್ತನವಿದೆ. ಶಿಕ್ಷಕರು ಪುಸ್ತಕ ಮುಗಿಸಬೇಕು, ಏಕೆಂದರೆ ತಪಾಸಣೆಗೆ ಬಂದವರು ಕೇಳುವುದು ‘ಎಷ್ಟು ಪಾಠ ಆಗಿದೆ’ ಎಂದೇ ಹೊರತು ‘ಎಷ್ಟು ಮಕ್ಕಳಿಗೆ ಆಗಿದೆ’ ಎಂದಲ್ಲ.

ಇದು ನಮ್ಮೊಂದು ಶಾಲೆಯ ಕಥೆಯೂ ಅಲ್ಲ, ಬೆಂಗಳೂರಿನ ಕಥೆಯೂ ಅಲ್ಲ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯ ಮಕ್ಕಳ ಬಗ್ಗೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರನೇ ತರಗತಿಯ ಸರಾಸರಿ ವಿದ್ಯಾರ್ಥಿ ಗಣಿತದಲ್ಲಿ ತನ್ನ ತರಗತಿಗಿಂತ ಸುಮಾರು ಎರಡೂವರೆ ತರಗತಿ ಹಿಂದಿದ್ದ. ಒಂಬತ್ತಕ್ಕೆ ಬರುವಷ್ಟರಲ್ಲಿ ಆ ಅಂತರ ನಾಲ್ಕೂವರೆ ತರಗತಿಗೆ ಹಿಗ್ಗಿತ್ತು. ಅಂದರೆ ಆ ಮೂರು ವರ್ಷಗಳಲ್ಲಿ ಮಗು ಕಲಿತದ್ದು ಒಂದು ವರ್ಷದಷ್ಟು. ಪಾಠ ಮುಂದೆ ಹೋಗುತ್ತದೆ, ಮಗು ನಿಂತಲ್ಲೇ ನಿಲ್ಲುತ್ತದೆ. ನಮ್ಮ ಪ್ರೌಢಶಾಲೆಯ ಮೂರು ವರ್ಷಗಳೂ ಈ ದಾರಿಯ ಮೇಲೆಯೇ ಬರುತ್ತವೆ. ಎಂಟನೇ ತರಗತಿಯ ಜೂನ್‌ನಲ್ಲಿ ಶಾಲೆಯ ಬಾಗಿಲಿಗೆ ಬರುವ ಮಗುವಿನ ಬೆನ್ನ ಮೇಲೆ ಮೂರು ವರ್ಷದ ಬಾಕಿ ಇರುತ್ತದೆ. ಹತ್ತನೇ ತರಗತಿಯ ಏಪ್ರಿಲ್‌ನಲ್ಲಿ ಆ ಬಾಕಿಯನ್ನೆಲ್ಲ ಪ್ರೌಢಶಾಲೆಯ ಖಾತೆಗೆ ಬರೆದು ನೋಟಿಸು ಕಳುಹಿಸುತ್ತೇವೆ.

ಹಾಗೆಂದು ಪ್ರೌಢಶಾಲೆ ನಿರ್ದೋಷಿಯೆಂದು ನಾನು ವಾದಿಸುತ್ತಿಲ್ಲ. ಜೂನ್‌ನಲ್ಲಿ ‘ಸೇತುಬಂಧ’ ಎಂಬ ಕಾರ್ಯಕ್ರಮವಿದೆ. ಹಿಂದಿನ ತರಗತಿಗಳ ಕಲಿಕೆಯನ್ನು ಪರೀಕ್ಷಿಸಿ ಸೇತುವೆ ಕಟ್ಟುವುದು ಉದ್ದೇಶ. ಮೂರು ವರ್ಷದ ಕಂದರಕ್ಕೆ ಕೆಲವೇ ದಿನಗಳ ಸೇತುವೆ. ಆಮೇಲೆ ಎಂಟು, ಒಂಬತ್ತನೇ ತರಗತಿಗಳು ಹೇಗೋ ಉರುಳುತ್ತವೆ. ಒಳ್ಳೆಯ ಶಿಕ್ಷಕರನ್ನೆಲ್ಲ ಹತ್ತನೆಯದಕ್ಕೆ ಹಾಕಲಾಗುತ್ತದೆ. ನವೆಂಬರ್ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಆರಂಭ. ನಾಲ್ಕು ಚಿತ್ರ, ಒಂದು ಭೂಪಟ, ಒಂದು ಪತ್ರಲೇಖನ, ಎರಡು ಪ್ರಮೇಯ ಉರು ಹೊಡೆದರೆ ಇಷ್ಟು ಅಂಕ, ಆಂತರಿಕ ಅಂಕ ಸೇರಿದರೆ ಪಾಸು ಎಂಬ ಲೆಕ್ಕಾಚಾರ. ಶಿಕ್ಷಕರು ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಾರೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುತ್ತಾರೆ, ಸಂಜೆ ತಮ್ಮ ಕೈಯಿಂದ ಬನ್ನು ತಂದುಕೊಟ್ಟು ಕೂರಿಸಿಕೊಳ್ಳುತ್ತಾರೆ. ಅವರ ಶ್ರದ್ಧೆಯನ್ನು ಕಣ್ಣಾರೆ ಕಂಡಿದ್ದೇನೆ, ಹಗುರವಾಗಿ ಮಾತನಾಡಲಾರೆ. ಆದರೆ ಅದೇ ಶ್ರದ್ಧೆ ಎರಡೂವರೆ ವರ್ಷ ಮುಂಚೆ, ಎಂಟನೇ ತರಗತಿಯ ಜುಲೈನಲ್ಲಿ, ಭಿನ್ನರಾಶಿಗೆ ಸಂದಿದ್ದರೆ ಹತ್ತನೇ ತರಗತಿಯಲ್ಲಿ ಪ್ಯಾಕೇಜೇ ಬೇಕಿರಲಿಲ್ಲ. ಎಂಟನೇ ತರಗತಿಯಲ್ಲಿ ಯಾರು ಏನು ಕಲಿತರು ಎಂದು ಯಾವ ಅಧಿಕಾರಿಯೂ ನೋಟಿಸು ಕಳುಹಿಸುವುದಿಲ್ಲವಾದ್ದರಿಂದ ಶ್ರದ್ಧೆ ನೋಟಿಸು ಇರುವ ಕಡೆಗೆ ಹರಿಯುತ್ತದೆ.

ಈಗ ನನ್ನದೇ ಕಥೆಗೆ ಬರುತ್ತೇನೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ಜಿಲ್ಲೆಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದೆ. ಜಿಲ್ಲೆಯ ಫಲಿತಾಂಶ ರಾಜ್ಯದ ಪಟ್ಟಿಯಲ್ಲಿ ಕೆಳಗಿತ್ತು. ಹುರುಪಿನ ವಯಸ್ಸು. ಮುಖ್ಯ ಶಿಕ್ಷಕರ ಸಭೆ ಕರೆದು, ಕಡಿಮೆ ಫಲಿತಾಂಶದ ಶಾಲೆಗಳವರನ್ನು ಒಬ್ಬೊಬ್ಬರನ್ನಾಗಿ ಎದ್ದು ನಿಲ್ಲಿಸಿದೆ. ಜಿಲ್ಲಾ ಕೇಂದ್ರದ ದೊಡ್ಡ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು, ನನಗಿಂತ ಹದಿನೈದು ವರ್ಷ ಹಿರಿಯರು, ಮುನ್ನೂರು ಜನರೆದುರು ಕೈಕಟ್ಟಿ ನಿಂತಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ವರ್ಷ ಆ ಶಾಲೆಯ ಫಲಿತಾಂಶ ಬೆರಗಾಗುವಷ್ಟು ಏರಿತು. ಮತ್ತೊಂದು ಸಭೆ ಕರೆದು ಅವರಿಗೆ ಶಾಲು ಹೊದಿಸಿದೆ. ಅದನ್ನು ನನ್ನ ಆಡಳಿತದ ಸಾಧನೆಯೆಂದು ಗೌಪ್ಯ ವರದಿಯ ಸ್ವಯಂ ಮೌಲ್ಯಮಾಪನದಲ್ಲೂ ಬರೆದುಕೊಂಡೆ.

ಅವರು ನಿವೃತ್ತರಾದ ನಂತರ ಮದುವೆ ಮನೆಯೊಂದರಲ್ಲಿ ಭೇಟಿಯಾದರು. ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತ, ಆ ವರ್ಷ ಏನು ಮಾಡಿದಿರಿ ಎಂದು ಕುತೂಹಲದಿಂದ ಕೇಳಿದೆ. ಅವರು ನಿರ್ವಿಕಾರವಾಗಿ ಹೇಳಿದರು: ‘ತಾವು ಕೇಳಿದ್ದು ಶೇಕಡಾವಾರು, ಸ್ವಾಮಿ. ಅದನ್ನು ತಂದುಕೊಟ್ಟೆ.’ ಒಂಬತ್ತನೇ ತರಗತಿಯಲ್ಲಿ ಕೆಲವರನ್ನು ಉಳಿಸಿಕೊಂಡರು. ಹತ್ತರಲ್ಲಿ ಕೆಲವರಿಗೆ ಹಾಜರಾತಿ ಕೊರತೆ ತೋರಿಸಿದರು. ಇನ್ನು ಕೆಲವರ ತಂದೆತಾಯಿಯನ್ನು ಕರೆಸಿ, ‘ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ, ಖಾಸಗಿಯಾಗಿ ಕಟ್ಟಿಸಿ’ ಎಂದು ಬುದ್ಧಿ ಹೇಳಿ ವರ್ಗಾವಣೆ ಪತ್ರ ಕೊಟ್ಟರು. ಟಿ.ಸಿ. ಪುಸ್ತಕದಲ್ಲಿ ಶಾಲೆ ಬಿಡಲು ಕಾರಣ ಎಂಬ ಅಂಕಣವಿರುತ್ತದೆ. ಅದರಲ್ಲಿ ‘ಪೋಷಕರ ಕೋರಿಕೆ’ ಎಂದು ಬರೆದರು. ಒಟ್ಟು ಎಷ್ಟು ಮಕ್ಕಳು ಎಂದು ಕೇಳಿದೆ. ‘ಮೂವತ್ತು, ಮೂವತ್ತೈದು ಇರಬಹುದು’ ಎಂದರು. ಆ ಮಕ್ಕಳು ಆಮೇಲೆ ಏನಾದರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂದು ಅವರಿಗೆ ನಲವತ್ತರ ಹತ್ತಿರ ವಯಸ್ಸಾಗಿರಬೇಕು.

ಮುಖ್ಯೋಪಾಧ್ಯಾಯರು ಮಾಡಿದ್ದು ತಪ್ಪು. ಆದರೆ ಅದನ್ನು ಅವರಿಂದ ಮಾಡಿಸಿದ್ದು ನಾನು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಒಂದು ಸಂಗತಿಯನ್ನು ಗುರುತಿಸಿದ್ದರು. ಯಾವುದಾದರೊಂದು ಸೂಚ್ಯಂಕವನ್ನು ನಿಯಂತ್ರಣದ ಸಾಧನವಾಗಿ ಹಿಡಿದುಕೊಂಡೊಡನೆ ಅದು ತನ್ನ ಹಿಂದಿನ ಅರ್ಥವನ್ನು ಕಳೆದುಕೊಳ್ಳುತ್ತದೆ. ಎಂ.ಎ. ತರಗತಿಯಲ್ಲಿ ಓದಿಯೋ ಆಮೇಲೆ ಓದಿಯೋ ಇದು ನನಗೆ ಗೊತ್ತಿತ್ತು. ನನ್ನ ಮೇಜಿನ ಮೇಲಿನ ಪಟ್ಟಿಗೆ ಅದು ಅನ್ವಯಿಸುತ್ತದೆ ಎಂದು ಮಾತ್ರ ಹೊಳೆಯಲಿಲ್ಲ.

ಶೇಕಡಾವಾರು ಫಲಿತಾಂಶವೂ ಒಂದು ಭಿನ್ನರಾಶಿ. ಪಾಸಾದವರು ಅಂಶ, ಪರೀಕ್ಷೆಗೆ ಕುಳಿತವರು ಛೇದ. ಅಂಶವನ್ನು ಹಿಗ್ಗಿಸಲು ವರ್ಷಗಟ್ಟಲೆ ದುಡಿಯಬೇಕು. ಛೇದವನ್ನು ಕುಗ್ಗಿಸಲು ಒಂದು ಮಧ್ಯಾಹ್ನ ಸಾಕು. ಉದಾಹರಣೆಗೆ, ಎರಡು ಶಾಲೆಗಳಲ್ಲಿ ಎಂಟನೇ ತರಗತಿಗೆ ತಲಾ ನೂರು ಮಕ್ಕಳು ಸೇರಿದರು ಎಂದುಕೊಳ್ಳಿ. ಒಂದು ಶಾಲೆ ದಾರಿಯಲ್ಲಿ ಇಪ್ಪತ್ತೈದು ಮಕ್ಕಳನ್ನು ಕಳಚಿಕೊಂಡು ಎಪ್ಪತ್ತೈದು ಮಂದಿಯನ್ನು ಪರೀಕ್ಷೆಗೆ ಕೂರಿಸಿತು, ಅರವತ್ತೊಂಬತ್ತು ಮಂದಿ ಪಾಸಾದರು. ಫಲಿತಾಂಶ ಶೇ 92. ಇನ್ನೊಂದು ನೂರು ಮಂದಿಯನ್ನೂ ಕೂರಿಸಿತು, ಎಪ್ಪತ್ತೈದು ಮಂದಿ ಪಾಸಾದರು. ಫಲಿತಾಂಶ ಶೇ 75. ಮೊದಲನೆಯದಕ್ಕೆ ಶಾಲು, ಎರಡನೆಯದಕ್ಕೆ ನೋಟಿಸು. ಹೆಚ್ಚು ಮಕ್ಕಳನ್ನು ದಾಟಿಸಿದ್ದು ಮಾತ್ರ ಎರಡನೆಯ ಶಾಲೆ.

2025ರ ಫಲಿತಾಂಶದಲ್ಲಿ ಸರ್ಕಾರಿ ಶಾಲೆಗಳದು ಶೇ 62.7, ಅನುದಾನರಹಿತ ಶಾಲೆಗಳದು ಶೇ 75.59. ಈ ಹದಿಮೂರು ಅಂಶದ ಅಂತರವನ್ನು ನೋಡಿ ಸರ್ಕಾರಿ ಶಿಕ್ಷಕರನ್ನು ದೂರುವುದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಸಂಜೆಯ ಕಾಫಿಯಷ್ಟೇ ಸಹಜ. ಆ ಅಂತರದಲ್ಲಿ ಎಷ್ಟು ಪಾಲು ಬೋಧನೆಯದು, ಎಷ್ಟು ಪಾಲು ಜರಡಿಯದು, ಎಷ್ಟು ಪಾಲು ಮನೆಯ ಆದಾಯದ್ದು ಎಂದು ಬಿಡಿಸಿ ನೋಡಿದವರು ವಿರಳ. ಮಗುವಿನ ಕಲಿಕೆಯಲ್ಲಿ ಶಾಲೆಗಿಂತ ಮನೆಯ ಹಿನ್ನೆಲೆಯ ತೂಕ ದೊಡ್ಡದು ಎಂದು ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ವರದಿ 1966ರಷ್ಟು ಹಿಂದೆಯೇ ಹೇಳಿತ್ತು. ಅದರ ಮೇಲಿನ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಮಗು ಎಲ್ಲಿಂದ ಹೊರಟಿತು ಎಂದು ತಿಳಿಯದೆ ಎಷ್ಟು ದೂರ ಬಂತು ಎಂದು ಹೇಳಲಾಗದು ಎಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ನನ್ನ ಸೇವೆಯ ಕಾಲದಲ್ಲಿ ಇದನ್ನು ಲೆಕ್ಕ ಹಾಕುವುದು ಕಷ್ಟವಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಈಗ ಆ ನೆಪವೂ ಇಲ್ಲ. ಎಸ್‌ಎಟಿಎಸ್ ಎಂಬ ತಂತ್ರಾಂಶದಲ್ಲಿ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆಯಿದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಬೆನ್ನ ಹಿಂದೆ ಬರುತ್ತದೆ. ಮೂರು ವರ್ಷಗಳ ಹಿಂದೆ ಈ ಶಾಲೆಯ ಎಂಟನೇ ತರಗತಿಗೆ ಸೇರಿದವರು ಎಷ್ಟು, ಅವರಲ್ಲಿ ಎಲ್ಲಿಯಾದರೂ ಸರಿ ಹತ್ತನೇ ತರಗತಿ ದಾಟಿದವರೆಷ್ಟು, ಎಲ್ಲಿಯೂ ಕಾಣದವರೆಷ್ಟು ಎಂಬುದನ್ನು ಪ್ರತಿ ಶಾಲೆಗೂ ತಂತ್ರಾಂಶದಿಂದ ತೆಗೆಯಲು ಸಾಧ್ಯ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಈ ಸಂಖ್ಯೆ ಪ್ರಕಟವಾಗಲಿ. ಅದರ ಪಕ್ಕದಲ್ಲಿ ಎಂಟನೇ ತರಗತಿಯ ಆರಂಭದಲ್ಲಿ ಆ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡದ ಒಂದು ಪುಟವನ್ನು ನಿರರ್ಗಳವಾಗಿ ಓದುತ್ತಿದ್ದರು, ಎಷ್ಟು ಮಂದಿ ಭಾಗಾಕಾರ ಮಾಡುತ್ತಿದ್ದರು ಎಂಬ ಇನ್ನೊಂದು ಸಂಖ್ಯೆ ಇರಲಿ. ಇದಕ್ಕೆ ಬೋರ್ಡ್ ಪರೀಕ್ಷೆ ಬೇಡ. 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆಯ ವಿವಾದ 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಮಕ್ಕಳನ್ನು ಅತಂತ್ರಗೊಳಿಸಿದ್ದು ಸಾಕು. ಶಿಕ್ಷಕರು ಒಂದು ವಾರದಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ಮಾಡಬಹುದಾದ ಕೆಲಸ ಅದು.

ಅಳತೆ ಸರಿಯಾದರೆ ಕಲಿಕೆ ತಾನಾಗಿ ಬರುವುದಿಲ್ಲ, ನಿಜ. ಎಂಟನೇ ತರಗತಿಯ ಮೊದಲ ಅರ್ಧವರ್ಷವನ್ನಾದರೂ, ಬೇಕಾದ ಮಕ್ಕಳಿಗೆ, ಓದು ಮತ್ತು ಮೂಲ ಗಣಿತಕ್ಕೆ ಮೀಸಲಿಡಬೇಕು. ಪಾಠ್ಯಕ್ರಮ ಹಿಂದೆ ಬೀಳುತ್ತದೆ ಎಂಬ ಆಕ್ಷೇಪ ಬರುತ್ತದೆ. ಮಗುವಿಗೆ ತಲುಪದ ಪಾಠ ಮುಂದೆ ಹೋದರೇನು, ಹಿಂದೆ ಉಳಿದರೇನು? ಇದು ಪ್ರಯೋಗಕ್ಕೆ ಒಳಪಟ್ಟ ದಾರಿ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ಸ್ಥಳೀಯ ಯುವತಿಯರು ‘ಬಾಲಸಖಿ’ಯರಾಗಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿಕೊಂಡು ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಅದರ ಪರಿಣಾಮವನ್ನು ಅಳೆದರು; ಅತ್ಯಂತ ಹಿಂದಿದ್ದ ಮಕ್ಕಳಿಗೇ ಹೆಚ್ಚಿನ ಪ್ರಯೋಜನವಾಗಿತ್ತು. ಅವು ಪ್ರಾಥಮಿಕ ತರಗತಿಗಳು, ಒಪ್ಪುತ್ತೇನೆ. ದೆಹಲಿ ಸರ್ಕಾರ 2016ರಲ್ಲಿ ‘ಚುನೌತಿ’ ಹೆಸರಿನಲ್ಲಿ ಮೇಲಿನ ತರಗತಿಗಳಲ್ಲೂ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಲು ಹೊರಟಿತು. ಅಲ್ಲಿ ಒಂಬತ್ತನೇ ತರಗ‌ತಿಯಲ್ಲಿ ಮತ್ತೆ ಮತ್ತೆ ನಪಾಸಾದವರನ್ನು ಅಂಚೆ ಶಿಕ್ಷಣದ ಕಡೆಗೆ ಕಳುಹಿಸಿದ್ದಕ್ಕೆ ಟೀಕೆಯೂ ಬಂತು. ಛೇದದ ಆಟ ಅಲ್ಲಿಯೂ ಬಿಟ್ಟಿರಲಿಲ್ಲ.

ಕಲಿಸಲು ಶಿಕ್ಷಕರಿರಬೇಕು, ಶಿಕ್ಷಕರಿಗೆ ಸಮಯವಿರಬೇಕು. ನಮ್ಮ ಶಾಲೆಯಲ್ಲಿ ಗಣಿತ, ಭೌತವಿಜ್ಞಾನ ನೋಡಿಕೊಳ್ಳುವ ಪಿಸಿಎಂ ಶಿಕ್ಷಕರ ಒಂದು ಹುದ್ದೆ ಖಾಲಿ. ಅತಿಥಿ ಶಿಕ್ಷಕರೊಬ್ಬರು ಬರುತ್ತಾರೆ, ಬೇರೆಡೆ ಒಳ್ಳೆಯ ಸಂಬಳ ಸಿಕ್ಕಿದರೆ ಮಧ್ಯವರ್ಷದಲ್ಲಿ ಹೋಗುತ್ತಾರೆ. ಒಂದು ವಿಭಾಗದಲ್ಲಿ ಎಪ್ಪತ್ತು ಮಕ್ಕಳು. ಚುನಾವಣೆ, ಮತದಾರರ ಪಟ್ಟಿ, ಗಣತಿ ಎಲ್ಲಕ್ಕೂ ಇವರೇ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ತೊಡಗಿಸಿ, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದನ್ನು ನೆನೆಯಿರಿ. ಸಮೀಕ್ಷೆ ಬೇಡವೆನ್ನುವವನಲ್ಲ ನಾನು. ಹಿಂದುಳಿದವರ ಶೈಕ್ಷಣಿಕ ಸ್ಥಿತಿಯನ್ನು ಅರಿಯುವ ಸಮೀಕ್ಷೆಗಾಗಿ ಶಾಲೆಯ ದಿನಗಳನ್ನು ಕಳೆದುಕೊಂಡವರು ಅದೇ ಹಿಂದುಳಿದವರ ಮಕ್ಕಳು ಎಂಬುದನ್ನು ಮಾತ್ರ ಗಮನಕ್ಕೆ ತರುತ್ತಿದ್ದೇನೆ. ಖಾಸಗಿ ಶಾಲೆಯ ಶಿಕ್ಷಕರು ಮನೆಮನೆ ಸುತ್ತಲಿಲ್ಲ.

ನೋಟಿಸಿಗೆ ಉತ್ತರ ಬರೆಯುವ ವಿಷಯಕ್ಕೆ ಮರಳುತ್ತೇನೆ. ಮೇಲಿನದೆಲ್ಲವನ್ನೂ ಸೇರಿಸಿ ನಾನು ಮೂರು ಪುಟದ ಕರಡು ಬರೆದುಕೊಟ್ಟೆ. ಮುಖ್ಯ ಶಿಕ್ಷಕಿ ಓದಿ, ‘ಚೆನ್ನಾಗಿದೆ ಸರ್, ಆದರೆ ಇಷ್ಟು ಉದ್ದ ಬರೆದರೆ ಉದ್ಧಟತನ ಅಂದುಕೊಳ್ಳುತ್ತಾರೆ’ ಎಂದು ನಕ್ಕರು. ನನ್ನ ಅನುಭವವೂ ಅದನ್ನೇ ಹೇಳುತ್ತಿತ್ತು. ಅಧಿಕಾರದಲ್ಲಿದ್ದಾಗ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಕೊನೆಗೆ, ಮುಂದಿನ ಸಾಲಿನಲ್ಲಿ ಫಲಿತಾಂಶ ಸುಧಾರಣೆಗೆ ವಿಶೇಷ ತರಗತಿಗಳನ್ನು ನಡೆಸಲಾಗುವುದು ಎಂಬ ಅರ್ಧ ಪುಟದ ಪತ್ರ ಹೋಯಿತು.

ಜೂನ್ ಮೊದಲ ವಾರ ನಾನು ಶಾಲೆಗೆ ಹೋದಾಗ ಅವರ ಕೊಠಡಿಯ ಹೊರಗೆ ನಾಲ್ಕು ಮಕ್ಕಳು, ಅವರ ತಾಯಂದಿರು ನಿಂತಿದ್ದರು. ಪಕ್ಕದ ಬಡಾವಣೆಯ ಅನುದಾನರಹಿತ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಮುಗಿಸಿದವರು. ಕೈಯಲ್ಲಿ ಹೊಸ ಟಿ.ಸಿ. ನಾಲ್ಕರಲ್ಲೂ ಶಾಲೆ ಬಿಡಲು ಕಾರಣ ಒಂದೇ: ಪೋಷಕರ ಕೋರಿಕೆ. ತಾಯಂದಿರಲ್ಲಿ ಒಬ್ಬಾಕೆ, ‘ನಾವೆಲ್ಲಿ ಕೇಳಿದ್ವಿ ಸಾರ್, ಅವರೇ ಕರೆದು ಕೊಟ್ಟರು’ ಎಂದರು. ಮುಖ್ಯ ಶಿಕ್ಷಕಿ ಅಂಕಪಟ್ಟಿಗಳನ್ನು ನೋಡಿದರು. ಗಣಿತದಲ್ಲಿ ಮೂವರಿಗೆ ಒಂದಂಕಿಯ ಅಂಕ. ಈ ನಾಲ್ವರೂ ಮುಂದಿನ ವರ್ಷದ ಛೇದಕ್ಕೆ ಸೇರುತ್ತಾರೆ, ಅಂಶಕ್ಕೆ ಸೇರುವುದು ಕಷ್ಟ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಹಾಜರಿ ಪುಸ್ತಕ ತರಿಸಿ ನಾಲ್ವರ ಹೆಸರನ್ನೂ ಬರೆದುಕೊಂಡರು. ನನ್ನ ಕಡೆ ತಿರುಗಿ, ‘ಸರ್, ಇವರಿಗೂ ನಿಮ್ಮ ಭಿನ್ನರಾಶಿ ಬೇಕಾಗುತ್ತದೆ, ಶನಿವಾರ ಬರುತ್ತೀರಾ?’ ಎಂದರು.